ಪ್ರಭುಗಳ ಮುಖಕ್ಕೆ ಕಿರಣ ತಾಗದಿರಲಿ

ಬಹಳ ಹಿಂದೆ, ಅಂದರೆ ಈಗ ಯಾರೂ ನನ್ನ ಮೇಲೆ ಕೇಸು ಹಾಕಲಾಗದಷ್ಟು ಹಿಂದೆ, ನಿರಪಾಯನಗರಿ ಎಂಬ ಒಂದು ರಾಜ್ಯವಿತ್ತು. ಅದನ್ನು ನಿಶ್ಚಿಂತಸೇನ ಮಹಾರಾಜರು ಆಳುತ್ತಿದ್ದರು. ಆಳುತ್ತಿದ್ದರು ಎಂದರೆ, ಬೆಳಿಗ್ಗೆ ಎದ್ದು "ರಾಜ್ಯದಲ್ಲಿ ಎಲ್ಲರೂ ಕ್ಷೇಮವೇ?" ಎಂದು ಕೇಳುತ್ತಿದ್ದರು. "ಕ್ಷೇಮ ಪ್ರಭು" ಎಂದು ಮಂತ್ರಿಗಳು ಹೇಳುತ್ತಿದ್ದರು. ಆಮೇಲೆ ಉಪ್ಪಿಟ್ಟು ಬರುತ್ತಿತ್ತು.

ಆ ರಾಜ್ಯದ ದೊಡ್ಡಾಸ್ಪತ್ರೆಯಲ್ಲಿ ಒಂದು ಎಕ್ಸ್‌ರೇ ಕೋಣೆ. ಕಾಲು ಮುರಿದವರು, ಕೆಮ್ಮು ಬಿಡದವರು ಎಲ್ಲರೂ ಅಲ್ಲಿಗೇ ಬರಬೇಕು. ರೋಗಿಗೆ ಒಮ್ಮೆ ಕಿರಣ ತಾಗಿದರೆ ಅಷ್ಟೇನೂ ಆಗುವುದಿಲ್ಲ, ಅವನು ಫಿಲ್ಮ್ ಹಿಡಿದುಕೊಂಡು ಮನೆಗೆ ಹೋಗುತ್ತಾನೆ. ಆದರೆ ಯಂತ್ರ ನಡೆಸುವವರು ದಿನಬೆಳಗಾದರೆ ಅಲ್ಲೇ ಇರುವವರು. ಅವರಿಗೆಂದು ಹಿಂದಿನವರು ಯಾರೋ ಪುಣ್ಯಾತ್ಮರು ಕೋಣೆಯ ಕದಕ್ಕೆ ಸೀಸದ ತಗಡು ಹೊಡೆಸಿ, ಯಂತ್ರದ ಗುಂಡಿಯನ್ನು ಕದದ ಆಚೆ ಇಡಿಸಿದ್ದರು. ಸೀಸದ ಮರೆಯಲ್ಲಿ ನಿಂತು ಒತ್ತಿದರೆ ಕಿರಣ ತಾಗದು. ಎದೆಗೆ ಸಿಕ್ಕಿಸಿಕೊಳ್ಳಲು ಒಂದು ಬ್ಯಾಡ್ಜನ್ನೂ ಕೊಟ್ಟಿದ್ದರು. ಮೈಗೆಷ್ಟು ಕಿರಣ ತಾಗಿತು ಎಂಬುದನ್ನು ಆ ಬ್ಯಾಡ್ಜು ಹಿಡಿದಿಟ್ಟುಕೊಳ್ಳುತ್ತಿತ್ತು. ಮೂರು ತಿಂಗಳಿಗೊಮ್ಮೆ ಅದನ್ನು ರಾಜಧಾನಿಗೆ ಕಳಿಸಿ ನೋಡಿಸುತ್ತಿದ್ದರು. ಸೀಸದ ಏಪ್ರನ್ ಕೂಡ ಒಂದಿತ್ತು. ಅದನ್ನು ತೊಟ್ಟು ಒಬ್ಬ ಮಂತ್ರಿಗಳು ಫೋಟೋ ತೆಗೆಸಿಕೊಂಡಿದ್ದರಿಂದ ಅದೀಗ ವಸ್ತುಸಂಗ್ರಹಾಲಯದಲ್ಲಿದೆ.

ಆ ಮಂತ್ರಿಗಳ ಹೆಸರು ಅಭಯಚಂದ್ರ. ಕಿರಣರಕ್ಷಾಧುರಂಧರ ಎಂಬುದು ಅವರ ಬಿರುದು. ಅಧಿಕಾರ ವಹಿಸಿಕೊಂಡ ದಿನವೇ ಅವರು ಎಲ್ಲ ಬ್ಯಾಡ್ಜುಗಳ ಮೇಲೂ ಮಹಾರಾಜರ ನಗುಮುಖವನ್ನು ಅಚ್ಚು ಹಾಕಿಸಿದರು. ಮಹಾರಾಜರು ಸಂತೋಷಪಟ್ಟರು. ಆಮೇಲೆ ಅವರಿಗೊಂದು ಸಂಶಯ ಬಂತು.

"ಅಮಾತ್ಯರೇ, ಈ ಬ್ಯಾಡ್ಜಿನ ಕೆಲಸವೇನು?"

"ಕಿರಣ ತಾಗಿಸಿಕೊಳ್ಳುವುದು, ಪ್ರಭು."

"ನಮ್ಮ ಮುಖಕ್ಕೆ?"

ಸಭೆ ಬೆವರಿತು. ಅಭಯಚಂದ್ರರು ಮಾತ್ರ ಅಲ್ಲಿಯೇ ಒಂದು ಆಜ್ಞೆ ರಚಿಸಿದರು. "ರಾಜಮುಖಾಂಕಿತ ಲಾಂಛನವನ್ನು ಕಿರಣಪೀಡಿತ ಸ್ಥಳಕ್ಕೆ ಒಯ್ಯತಕ್ಕದ್ದಲ್ಲ. ಆಸ್ಪತ್ರೆಯ ಹೆಬ್ಬಾಗಿಲಲ್ಲಿ ಭಕ್ತಿಪೂರ್ವಕವಾಗಿ ಬಿಟ್ಟು ಒಳಹೋಗತಕ್ಕದ್ದು. ಇದು ಸುರಕ್ಷಾ ಪ್ರೋಟೋಕಾಲ್."

ಬಿಟ್ಟುಹೋಗುವುದು ನಮ್ಮ ಜನಕ್ಕೆ ಹೊಸದೇ? ಚಪ್ಪಲಿ ಬಿಡುವ ಜಾಗದ ಮೇಲೆಯೇ ಒಂದು ಗೂಟ ಹೊಡೆದರು. ಎಕ್ಸ್‌ರೇ ಕೋಣೆಯವರು ಬಂದವರೇ ಕೆಳಗೆ ಚಪ್ಪಲಿ ಬಿಟ್ಟು, ಮೇಲೆ ಬ್ಯಾಡ್ಜು ತೂಗುಹಾಕಿ, ಗೂಟಕ್ಕೆ ಕೈಮುಗಿದು ಕೆಲಸಕ್ಕೆ ಹೋಗತೊಡಗಿದರು. ಮೂರು ತಿಂಗಳಾದ ಮೇಲೆ ಬ್ಯಾಡ್ಜುಗಳನ್ನು ನೋಡಿದರೆ, ಎಲ್ಲದರಲ್ಲೂ ಸೊನ್ನೆ. ಹಿಂದೆಂದೂ ಬಾರದ ಸೊನ್ನೆ! ಆಸ್ಪತ್ರೆಯ ಮುಂದೆ "ವಿಕಿರಣ: ಸೊನ್ನೆ" ಎಂಬ ದೊಡ್ಡ ಬೋರ್ಡು ಎದ್ದಿತು. ನೆರೆರಾಜ್ಯದವರು ನಮ್ಮ ಗೂಟದ ಅಧ್ಯಯನಕ್ಕೆ ನಿಯೋಗ ಕಳಿಸಿದರು.

ಈಗ ಹೊನ್ನವ್ವನ ವಿಷಯಕ್ಕೆ ಬರುತ್ತೇನೆ. ಯಂತ್ರದ ಗುಂಡಿ ಒತ್ತುವವಳು ಅವಳೇ. ಸೀಸದ ಕದದ ತಿರುಗಣಿ ಸಡಿಲವಾಗಿ, ಕದ ಪೂರ್ತಿ ಕೂರುತ್ತಿರಲಿಲ್ಲ. ಅಂಗೈ ತೂರುವಷ್ಟು ಸಂದಿ. ಮೊದಲು ಅವಳು ಅದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಮದುವೆಯಾಗಿ ಬಹಳ ವರ್ಷಕ್ಕೆ ಬಸುರಾದ ಮೇಲೆ ಆ ಸಂದಿ ಅವಳ ಕಣ್ಣಿಗೆ ಹೆಬ್ಬಾಗಿಲಿನಷ್ಟು ದೊಡ್ಡದಾಗಿ ಕಾಣತೊಡಗಿತು. ಅವಳು ಅಭಯಚಂದ್ರರ ಕಚೇರಿಗೆ ಹೋದಳು.

"ಸಾಹೇಬ್ರ, ಕದ ಬರೋಬರಿ ಮುಚ್ಚಂಗಿಲ್ರೀ. ರಿಪೇರಿ ಮಾಡಸ್ರಿ. ಇಲ್ಲಂದ್ರ ಕೂಸು ಹುಟ್ಟೂತನಕ ನನಗ ಬ್ಯಾರೆ ಕೆಲಸ ಕೊಡ್ರಿ. ಕಸಾ ಹೊಡೀತೀನಿ ಬೇಕಾದ್ರ."

"ಕೊಡೋಣ ತಾಯಿ. ನಿಯಮವೇ ಇದೆ. ಬ್ಯಾಡ್ಜಿನಲ್ಲಿ ಕಿರಣ ಕಂಡುಬಂದರೆ ಕದದ ರಿಪೇರಿ, ಗರ್ಭಿಣಿಗೆ ವರ್ಗಾವಣೆ. ನಿನ್ನ ಬ್ಯಾಡ್ಜಿನಲ್ಲಿ ಏನಿದೆ?"

"ಸೊನ್ನಿ ಐತ್ರೀ. ಅದು ಗೂಟದ ಮ್ಯಾಲ ಇರ್ತೈತಲ್ರೀ."

"ಹಾಗಾದರೆ ನೀನು ಆರೋಗ್ಯವಾಗಿದ್ದೀಯೆ. ಸಂತೋಷ" ಎಂದು ಮಂತ್ರಿಗಳು ಅವಳಿಗೆ ಒಂದು ಬಾಳೆಹಣ್ಣು ಕೊಟ್ಟು ಕಳಿಸಿದರು.

ಹೊನ್ನವ್ವ ಬಾಳೆಹಣ್ಣು ತಿಂದಳು, ಯೋಚನೆ ಮಾಡಿದಳು. ಮರುದಿನದಿಂದ ಚಪ್ಪಲಿ ಮಾತ್ರ ಬಿಟ್ಟಳು. ಬ್ಯಾಡ್ಜನ್ನು ಸೆರಗಿನೊಳಗೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಎಷ್ಟು ತಾಗುತ್ತದೋ ತಾಗಲಿ, ಅದೇ ಹೇಳಲಿ ಎಂದು ಅವಳ ಲೆಕ್ಕ.

ಬ್ಯಾಡ್ಜು ಹೇಳಿತು. ರಾಜಧಾನಿಯಲ್ಲಿ ಅದನ್ನು ನೋಡಿದವನು ಕುರ್ಚಿ ಬಿಟ್ಟು ಎದ್ದನಂತೆ. ಹೊನ್ನವ್ವನನ್ನು ಆಸ್ಥಾನಕ್ಕೆ ಕರೆಸಿದರು. ಕೆಲಸ ಬದಲಾಯಿತು ಎಂದೇ ನಂಬಿಕೊಂಡು, ಪಾಪ, ಹೊಸ ಕುಬುಸ ತೊಟ್ಟು ಹೋಗಿದ್ದಳು.

"ಈ ಬ್ಯಾಡ್ಜು ಎಲ್ಲಿತ್ತು?" ಎಂದು ಅಭಯಚಂದ್ರರು ಕೇಳಿದರು.

"ನನ್ನ ಎದಿ ಮ್ಯಾಲಿತ್ರೀ. ಕದದ ಹಿಂದ, ದಿನಾ ನಿಲ್ಲೂ ಜಾಗದಾಗ."

ಅಭಯಚಂದ್ರರು ಸಭೆಯತ್ತ ತಿರುಗಿದರು. "ಮಹಾಪ್ರಭು, ಗೂಟದ ಮೇಲಿದ್ದ ಬ್ಯಾಡ್ಜುಗಳೆಲ್ಲ ಕ್ಷೇಮವಾಗಿವೆ. ಒಳಗೆ ಹೋದ ಬ್ಯಾಡ್ಜು ಮಾತ್ರ ಪೆಟ್ಟು ತಿಂದಿದೆ. ನಮ್ಮ ಗೂಟನೀತಿ ಎಷ್ಟು ವೈಜ್ಞಾನಿಕ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?"

ಸಭೆ ಚಪ್ಪಾಳೆ ತಟ್ಟಿತು. ಮಹಾರಾಜರು ಮಾತ್ರ ಗಾಬರಿಯಾಗಿದ್ದರು. "ನಮಗೆಷ್ಟು ತಾಗಿದೆ?"

"ಎಡಗೆನ್ನೆಗೆ ಕೊಂಚ ಜಾಸ್ತಿ, ಪ್ರಭು."

"ಅದಕ್ಕೇ ಮೊನ್ನೆಯಿಂದ ತುರಿಕೆ" ಎಂದು ಮಹಾರಾಜರು ಕೆನ್ನೆ ಸವರಿಕೊಂಡರು. ರಾಜವೈದ್ಯರು ಓಡಿಬಂದು ಬೆಣ್ಣೆ ಹಚ್ಚಿದರು.

ಹೊನ್ನವ್ವ ಬೆಣ್ಣೆ ಹಚ್ಚಿ ಮುಗಿಯುವವರೆಗೆ ಕಾದಳು. ಆಮೇಲೆ ಮೆಲ್ಲಗೆ ಹೇಳಿದಳು: "ಚಿತ್ರದ ಮಾರಿಗೆ ಇಷ್ಟು ತಾಗೇತಂದ್ರ, ಆ ಚಿತ್ರದ ಹಿಂದ ನಾ ಇದ್ನಿರೀ. ನನ್ನ ಹೊಟ್ಯಾಗ ಕೂಸೈತ್ರೀ."

ಮಹಾರಾಜರಿಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು. ಕೆಟ್ಟವರಲ್ಲ ಅವರು. ಮಂತ್ರಿಗಳ ಮುಖ ನೋಡಿದರು.

"ತಾಯಿ, ಕೂಸಿನ ಹತ್ತಿರ ಬ್ಯಾಡ್ಜಿದೆಯೆ?" ಎಂದರು ಅಭಯಚಂದ್ರರು.

"ಇಲ್ರೀ."

"ಬ್ಯಾಡ್ಜಿಲ್ಲದವರಿಗೆ ಕಿರಣ ತಾಗಿದೆ ಎಂದು ಹೇಗೆ ನಂಬುವುದು?"

ಇಲ್ಲಿ ನನಗೆ ಸಿಟ್ಟು ಬರುತ್ತದೆ. ಬರೆಯುವವರಿಗೆ ಸಿಟ್ಟು ಬರಬಾರದಂತೆ. ಬರುತ್ತದೆ, ಏನು ಮಾಡಲಿ? ಒಂದು ಲೋಟ ನೀರು ಕುಡಿದು ಮುಂದುವರಿಸುತ್ತೇನೆ.

ತೀರ್ಪು ಬಂತು. ಕಿರಣಪೀಡಿತವಾದ ಬ್ಯಾಡ್ಜಿಗೆ ಆರು ತಿಂಗಳ ವಿಶ್ರಾಂತಿ, ಅರಮನೆಯ ತಂಪು ಕೋಣೆಯಲ್ಲಿ ವಾಸ. ಇನ್ನು ಮುಂದೆ ಅದಕ್ಕೆ ಒಂದು ಕಿರಣವೂ ತಾಗದಂತೆ ದಪ್ಪ ಸೀಸದ ಪೆಟ್ಟಿಗೆ. ಲಾಂಛನವನ್ನು ಅಪಾಯಕ್ಕೊಡ್ಡಿದ ಹೊನ್ನವ್ವನಿಗೆ ಇನ್ನು ಬ್ಯಾಡ್ಜು ಕೊಡತಕ್ಕದ್ದಲ್ಲ. ಅವಳ ಕೆಲಸ ಅಲ್ಲೇ ಮುಂದುವರಿಯತಕ್ಕದ್ದು.

ಪೆಟ್ಟಿಗೆಗೆ ಸೀಸ ಬೇಕಲ್ಲ. ಭಂಡಾರದಲ್ಲಿ ಇರಲಿಲ್ಲ. ಹುಡುಕಿ ಹುಡುಕಿ, ರಾಜ್ಯದಲ್ಲಿ ಇಷ್ಟು ಒಳ್ಳೆಯ ಸೀಸ ಇರುವುದು ಎಕ್ಸ್‌ರೇ ಕೋಣೆಯ ಕದದಲ್ಲಿ ಮಾತ್ರ ಎಂದು ಕಂಡುಹಿಡಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಗಾದೆ. ನಮ್ಮವರು ಬಾಗಿಲನ್ನೇ ಬಿಚ್ಚಿಕೊಂಡು ಹೋದರು. ಆ ಜಾಗದಲ್ಲಿ ಒಂದು ಬಟ್ಟೆಯ ಪರದೆ ತೂಗಾಡಿತು. ಕದ ಕೂರುವುದಿಲ್ಲ ಎಂಬ ದೂರೂ ಅಲ್ಲಿಗೆ ಇತ್ಯರ್ಥವಾಯಿತು. ಆ ವರ್ಷ ಅಭಯಚಂದ್ರರಿಗೆ ಶೂನ್ಯರತ್ನ ಪ್ರಶಸ್ತಿ ಬಂತು, ಮಹಾರಾಜರ ತುರಿಕೆಯೂ ಗುಣವಾಯಿತು.

ಪರದೆ ಬಂದ ಮೇಲೆ ಅದರ ಪಕ್ಕಕ್ಕೇ ರೋಗಿಗಳ ಬೆಂಚು ಬಂತು. ಅಲ್ಲಿ ಫ್ಯಾನಿನ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಹೊಟ್ಟೆ ಮುಂದಕ್ಕೆ ಬಂದಿದ್ದ ಹೊನ್ನವ್ವ ಒಂದು ದಿನ ಗುಂಡಿ ಒತ್ತುವ ಮೊದಲು ಬೆಂಚಿನವರಿಗೆ ಹೇಳಿದಳು: "ಇಲ್ಲಿ ಕೂಡಬ್ಯಾಡ್ರಿ. ಆ ಗ್ವಾಡಿ ಹಿಂದ ಹೋಗ್ರಿ. ಪರದಿ ದಾಟಿ ಕಿರಣ ಬರ್ತಾವ."

ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಒಬ್ಬ ಅಜ್ಜಿ ಏಳಲಿಲ್ಲ. ಹೊನ್ನವ್ವನ ಹೊಟ್ಟೆಯನ್ನು ನೋಡಿ ನಕ್ಕಳು.

"ಯವ್ವಾ, ಹೆದರಸಬ್ಯಾಡ. ಅಪಾಯ ಇದ್ದಿದ್ರ ಸರಕಾರದವ್ರು ಬಸರಿ ಹೆಣಮಗಳನ್ನ ಇಲ್ಲಿ ನಿಲ್ಲಸ್ತಿದ್ರೇನು? ಬೋರ್ಡ್ ಓದಾಕ ಬರಂಗಿಲ್ಲ ನನಗ. ನಿನ್ನ ನೋಡೇ ಇಲ್ಲಿ ಕುಂತೀನಿ."

ಬೆಂಚಿನ ಮೇಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಮತ್ತೊಬ್ಬಳು ತನ್ನ ಕೂಸಿನೊಂದಿಗೆ ಇನ್ನಷ್ಟು ಹತ್ತಿರಕ್ಕೆ ಸರಿದು ಕೂತಳು. ಒಳಗೆ ಕಾಲು ಮುರಿದವನು ನರಳುತ್ತಿದ್ದ. ಹೊನ್ನವ್ವ ಒಂದು ಕೈಯನ್ನು ಹೊಟ್ಟೆಗೆ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಗುಂಡಿ ಒತ್ತಿದಳು.