ಶಾಲು ಹೊದ್ದವರು ಇಳಿಯುವಂತಿಲ್ಲ

ಪುರವರದ ಆಚೆಗಿನ ಆ ಪಂಚಾಯಿತಿಯ ಸಭೆಗಳಲ್ಲಿ ಒಂದು ಪದ್ಧತಿ ಇದೆ. ಯಾವ ವಿಷಯಕ್ಕೆ ಯಾರು ಬಾಯಿ ತೆರೆಯುತ್ತಾರೋ ಆ ಕೆಲಸ ಅವರ ತಲೆಗೇ ಬೀಳುತ್ತದೆ. ಚರಂಡಿ ನಾರುತ್ತಿದೆ ಎಂದವರು ಚರಂಡಿ ಸಮಿತಿಗೆ, ಬೀದಿನಾಯಿ ಕಾಟ ಎಂದವರು ನಾಯಿ ಸಮಿತಿಗೆ. ತಿಳಿದವರು ಬೋಂಡಾ ತಿಂದು ಸುಮ್ಮನೆ ಎದ್ದು ಬರುತ್ತಾರೆ. ವಾಟರ್‌ಮನ್ ಗೌರೀಶನಿಗೂ ಇದು ತಿಳಿದಿತ್ತು. ಆದರೂ, ಊರ ಹಿಂದಿನ ಆನೆಬಂಡೆಯ ಮೇಲಿನಿಂದ ಪ್ರವಾಸಿಗರನ್ನು ಹಗ್ಗದಲ್ಲಿ ಇಳಿಸುವ ಶಿಬಿರದ ಮಾತು ಬಂದಾಗ, "ಹಗ್ಗ ಕಿತ್ತೋದ್ರೆ?" ಎಂದು ಕೇಳಿಬಿಟ್ಟ.

ಅಧ್ಯಕ್ಷೆ ಗಂಗಲಕ್ಷ್ಮಿ ತಲೆಯೆತ್ತಿದರು. "ನೋಡ್ರಪ್ಪಾ, ಆಸಕ್ತಿ ಅಂದ್ರೆ ಇದು. ಉದ್ಘಾಟನೆ ದಿನ ನಮ್ಮೂರ ಕಡೆಯಿಂದ ಗೌರೀಶನೇ ಇಳೀಲಿ."

ಚಪ್ಪಾಳೆ ಬಿತ್ತು. ಗೌರೀಶನ ಬೋಂಡಾ ಗಂಟಲಲ್ಲೇ ನಿಂತಿತು.

ಅವನಿಗೆ ಎತ್ತರ ಎಂದರೆ ಭಯ. ನೌಕರಿಗೆ ಸೇರಿದಂದಿನಿಂದ ಊರಿನ ಓವರ್‌ಹೆಡ್ ಟ್ಯಾಂಕಿನ ಏಣಿಯನ್ನು ಅವನು ಮುಟ್ಟಿರಲಿಲ್ಲ. ನೀರು ತುಂಬಿತೋ ಇಲ್ಲವೋ ಎಂಬುದನ್ನು ಕೆಳಗೇ ನಿಂತು, ಪೈಪಿಗೆ ಕಿವಿಯಿಟ್ಟು ತಿಳಿಯುತ್ತಿದ್ದ. ತಿಂಗಳಿಗೊಮ್ಮೆ ಮಾತ್ರ ಪೊರಕೆ, ಬ್ಲೀಚಿಂಗ್ ಪೌಡರ್ ಹಿಡಿದು ಟ್ಯಾಂಕಿನ ಸುತ್ತ ಓಡಾಡಿ, "ತೊಳ್ದಾಯ್ತು" ಎನ್ನುತ್ತಿದ್ದ. ಈಗ ಭಯ ಎಂದು ಹೇಳಿಕೊಂಡರೆ, ಇಷ್ಟು ದಿನ ಟ್ಯಾಂಕು ತೊಳೆದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ನೌಕರಿ ಹೋಗುತ್ತದೆ.

ಶಿಬಿರ ನಡೆಸುವವನು ಶಿರಾದ ಅತೀಕ್. ಉದ್ಘಾಟನೆಯ ಹಿಂದಿನ ದಿನವೇ ಬಂದು ಬಂಡೆಯ ನೆತ್ತಿಯಲ್ಲಿ ಎರಡು ಹಗ್ಗ ಕಟ್ಟಿದ. ಒಂದು ಇಳಿಯುವುದಕ್ಕೆ. ಇನ್ನೊಂದು, ಮೊದಲನೆಯದು ಕೈಕೊಟ್ಟರೆ ಹಿಡಿದು ನಿಲ್ಲಿಸುವುದಕ್ಕೆ, ಅದು ಮೇಲೆ ನಿಂತ ಅತೀಕನ ಕೈಯಲ್ಲಿರುತ್ತದೆ. ತಾನೇ ಮೊದಲು ಇಳಿದು ನೋಡಿ, ಹಿಂದಿನ ಕಾಲುದಾರಿಯಲ್ಲಿ ಮತ್ತೆ ಹತ್ತಿ ಬಂದ. ಸಂಜೆ ಊರಿಗೆ ಬಂದು ಗೌರೀಶನಿಗೆ ನೇಮ ವಿವರಿಸಿದ.

"ಸುರಕ್ಷತೆ ಯಾರ ಜಿಮ್ಮಾನೋ, ಯಾರ ಜವಾಬ್ದಾರೀನೋ, ಅವ್ರೇ ಮೊದ್ಲು ಇಳೀಬೇಕು, ಆಮೇಲೆ ಬಾಕಿ ಜನ. ಮತ್ತೆ, ಬಟ್ಟೆ, ಬೂಟು, ತಬಿಯತ್ತು, ಒಂದು ಸರಿ ಇಲ್ಲಾಂದ್ರೂ ನಾನು ಇಳಿಸಲ್ಲ ಭಾಯ್."

ಈ ಮಾತಿನ ಕೊನೆಯ ಅರ್ಧವನ್ನಷ್ಟೇ ಗೌರೀಶ ಮನೆಗೆ ಕೊಂಡೊಯ್ದ. ಹೆದರಿಕೆ ಎನ್ನಬೇಕಾಗಿಲ್ಲ, ತಪಾಸಣೆಯಲ್ಲಿ ಫೇಲಾದರೆ ಸಾಕು. ಭಾನುವಾರ ಬೆಳಿಗ್ಗೆ ಅವನು ಪಂಚೆಯುಟ್ಟು, ಹವಾಯಿ ಚಪ್ಪಲಿ ಮೆಟ್ಟಿ, ಮುಂದಿನವರ ಹಿಮ್ಮಡಿ ಬಿಟ್ಟು ಬೇರೇನೂ ನೋಡದೆ ಕಾಲುದಾರಿ ಹತ್ತಿದ.

"ಪಂಚೇಲಿ ಬೆಲ್ಟ್ ಕೂರಲ್ಲ ಭಾಯ್. ಚಪ್ಪಲೀನೂ ಆಗಲ್ಲ," ಎಂದ ಅತೀಕ್.

"ಅಯ್ಯೋ, ಎಂಥಾ ಕೆಲ್ಸ ಆಗೋಯ್ತು!" ಎಂದು ಗೌರೀಶ ಮರುಗಿ, ಬಂದ ದಾರಿಗೇ ತಿರುಗಿದ.

"ಇರ್ಲಾ, ಎಲ್ಲೋಯ್ತೀಯ? ನಾನಿಲ್ವಾ?" ಎಂದು ಪಕ್ಕದ ಮನೆಯ ಕದಿರಯ್ಯ ಅಡ್ಡ ಬಂದರು. ಇಬ್ಬರೂ ಬಂಡೆಯ ಮರೆಗೆ ಹೋದರು. ಬರುವಾಗ ಕದಿರಯ್ಯನ ಪ್ಯಾಂಟು ಗೌರೀಶನ ಮೇಲಿತ್ತು, ಗೌರೀಶನ ಪಂಚೆ ಕದಿರಯ್ಯನ ಮೇಲಿತ್ತು. ಬೂಟೂ ಬದಲಾಗಿತ್ತು.

"ಬೂಟು ಬಿಗಿ ಮಾವ."

"ಬಿಗಿ ಇದ್ರೇ ಜಾರಲ್ಲ ಕಣ್ಲಾ."

ಗೌರೀಶ ಹಣೆ ಹಿಡಿದುಕೊಂಡು ಕೂತ. "ಯಾಕೋ ತಲೆ ಸುತ್ತುತಾ ಅದೆ."

"ಹಂಗಾದ್ರೆ ಬೇಡ," ಎಂದು ಅತೀಕ್ ಹಗ್ಗ ಬಿಟ್ಟ. ಆದರೆ ಎದುರು ಮನೆಯ ಪಾಪಕ್ಕ ಬಿಡಲಿಲ್ಲ. ಪೂಜೆಗೆಂದು ತಂದ ನಿಂಬೆಹಣ್ಣೊಂದನ್ನು ಹೆಚ್ಚಿ, ಅರ್ಧ ಅವನ ಬಾಯಿಗೆ ಹಿಂಡಿ, ಇನ್ನರ್ಧ ನೆತ್ತಿಗೆ ತಿಕ್ಕಿದಳು.

"ಈಗೆಂಗದೆ ಮಗಾ?"

"ಇನ್ನೂ ಒಸಿ..."

ಪಾಪಕ್ಕ ಎರಡನೇ ನಿಂಬೆಹಣ್ಣಿಗೆ ಕೈಹಾಕಿದಳು.

"ನಿಂತೋಯ್ತು ಪಾಪಕ್ಕ. ಪೂರ್ತಿ ನಿಂತೋಯ್ತು."

ಅತೀಕ್ ಬೆಲ್ಟು ಬಿಗಿದ, ಹೆಲ್ಮೆಟ್ ಹಾಕಿದ, ಒಂದೊಂದು ಕೊಂಡಿಯನ್ನೂ ಎಳೆದು ನೋಡಿದ. ಎಲ್ಲವೂ ಸರಿಯಾಗಿತ್ತು. ನೆರೆಹೊರೆಯವರು ಇಷ್ಟು ಒಳ್ಳೆಯವರಾಗಿರಬಾರದಿತ್ತು ಎಂದು ಗೌರೀಶನಿಗೆ ಮೊದಲ ಬಾರಿಗೆ ಅನ್ನಿಸಿತು.

ಅಷ್ಟರಲ್ಲಿ ಗಂಗಲಕ್ಷ್ಮಿ ಏದುಸಿರು ಬಿಡುತ್ತಾ ಹತ್ತಿ ಬಂದರು. "ನಂಗೆ ಮಧುಗಿರೀಲಿ ಇನ್ನೊಂದು ಫಂಕ್ಷನ್ ಅದೆ. ಇಳಿದ್ಮೇಲೆ ಸನ್ಮಾನ ಅಂದ್ರೆ ಹೊತ್ತಾಯ್ತದೆ. ಈಗ್ಲೇ ಮಾಡ್ಬುಡಾಣ."

ನಮ್ಮ ಕಡೆ ಸನ್ಮಾನ ಕೆಲಸಕ್ಕಾಗಿ ಕಾಯುವುದಿಲ್ಲ. ಗೌರೀಶನ ಕೊರಳಿಗೆ ಸುಗಂಧರಾಜದ ಹಾರ ಬಿತ್ತು, ಹೆಗಲಿಗೆ ಶಾಲು ಬಿತ್ತು. ಮೈಸೂರು ಪೇಟ ಹೆಲ್ಮೆಟಿನ ಮೇಲೆಯೇ ಕೂತಿತು.

"ಅರೆ, ಇದೆಲ್ಲಾ ಹಾಕ್ಕೊಂಡು ಬಿಲ್ಕುಲ್ ಇಳಿಯಂಗಿಲ್ಲ!" ಎಂದು ಅತೀಕ್ ಗೌರೀಶನ ಸೊಂಟದ ಮುಂದಿನ ಲೋಹದ ಬಳೆಯನ್ನು ತೋರಿಸಿದ. "ಹಗ್ಗ ಇದ್ರೊಳಗೆ ಓಡುತ್ತೆ. ಶಾಲು ಸಿಕ್ಕಿದ್ರೆ ಮುಗೀತು, ನಡುವೇನೇ ನೇತಾಡ್ಬೇಕು. ತೆಗೀರಿ."

ಗೌರೀಶನ ಎದೆಯಲ್ಲಿ ದೀಪ ಹೊತ್ತಿತು. ಶಾಲನ್ನು ಎರಡೂ ಕೈಯಲ್ಲಿ ಅವುಚಿಕೊಂಡ.

"ತೆಗೆಯಾದಾ? ಅಧ್ಯಕ್ಷರು ಕೈಯಾರೆ ಹೊದ್ಸಿರೋ ಶಾಲನ್ನ ಅವ್ರೆದ್ರಿಗೇ ಕಿತ್ತಾಕಿದ್ರೆ ಮರ್ವಾದೆ ಉಳೀತದಾ?"

ಉಳಿಯುವುದಿಲ್ಲ ಎಂದು ಜನ ಒಪ್ಪಿದರು. ಅವನಿಗೆ ಹುರುಪು ಬಂತು.

"ಶಾಲು ಹೊದ್ದೋರು ಇಳಿಯಂಗಿಲ್ಲ ಅಂದ್ಮೇಲೆ ಇಳಿಯಂಗಿಲ್ಲ. ಸುರಕ್ಷತೆ ಮುಖ್ಯ. ಊರೋನು ನಾನೇ ನೇಮ ಮುರುದ್ರೆ ನಾಳೆ ಬಂದೋರು ಕೇಳ್ತಾರಾ? ನಂಗೂ ಇಳೀಬೇಕು ಅಂತ ಎಷ್ಟು ಆಸೆ ಇತ್ತು..." ಅವನು ಶಾಲಿನ ಅಂಚಿನಿಂದ ಮೂಗೊರೆಸಿಕೊಂಡ. ಪಾಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇಂಥೋನೇ ಬೇಕಾಗಿತ್ತು," ಎಂದರು ಗಂಗಲಕ್ಷ್ಮಿ. "ಶಿಬಿರದ ಸುರಕ್ಷತೆಗೆ ಊರಿಂದ ಒಬ್ಬನ್ನ ಕೊಡಿ ಅಂತ ಅತೀಕ್ ಕೇಳ್ತಾನೇ ಇದ್ರು. ಇವತ್ತಿಂದ ಗೌರೀಶನೇ ಉಸ್ತುವಾರಿ."

ಮತ್ತೆ ಚಪ್ಪಾಳೆ. ಕೊಡೆಯ ನೆರಳಲ್ಲಿ ಕೂತು, ಸೀಟಿ ಊದಿ, ಪಂಚೆಯುಟ್ಟು ಬಂದವರನ್ನು ವಾಪಸು ಕಳಿಸುವ ಚಿತ್ರ ಗೌರೀಶನ ಕಣ್ಣೆದುರು ಬಂತು. "ಕುರ್ಚಿ ಎಲ್ಲಿ ಹಾಕ್ಸಾಣ?" ಎಂದು ಕೇಳಿದ.

"ಕುರ್ಚಿ ಯಾಕೆ ಭಾಯ್?" ಅತೀಕ್ ಅವನ ಬೆಲ್ಟಿಗೆ ಹಗ್ಗ ಸಿಕ್ಕಿಸುತ್ತಿದ್ದ. "ನೆನ್ನೆ ಹೇಳಿದ್ನಲ್ಲ, ಸುರಕ್ಷತೆ ಯಾರ ಜಿಮ್ಮಾನೋ ಅವ್ರೇ ಮೊದ್ಲು. ಇನ್ಮೇಲೆ ಪ್ರತಿ ಭಾನುವಾರ ನೀವೇ."

"ಶಾಲು..." ಎಂದ ಗೌರೀಶ.

"ಹೊದ್ಸಿದ್ದು ನಾನು, ತೆಗೆಯೋಳೂ ನಾನೇ. ಅದ್ರಲ್ಲಿ ಮರ್ವಾದೆ ಏನೂ ಹೋಗಾಕಿಲ್ಲ ಬುಡು," ಎಂದು ಗಂಗಲಕ್ಷ್ಮಿ ಶಾಲು, ಹಾರ, ಪೇಟ ಮೂರನ್ನೂ ತೆಗೆದು ಪಾಪಕ್ಕನ ಕೈಗಿತ್ತರು. "ಮಡ್ಸಿಡಿ ಪಾಪಕ್ಕ, ಬರೋ ವಾರಕ್ಕೂ ಆಯ್ತದೆ."

ಗೌರೀಶನನ್ನು ಅಂಚಿಗೆ ಬೆನ್ನುಮಾಡಿ ನಿಲ್ಲಿಸಿದರು. ಅವನು ಕಣ್ಣುಮುಚ್ಚಿ, ಬಂಡೆಗೆ ಅಂಟಿದ ಹಲ್ಲಿಯ ಹಾಗೆ ಅಲ್ಲೇ ಉಳಿದ. ಅವನು ಇಳಿಯುವುದನ್ನು ನೋಡಲೆಂದು ಪಾಪಕ್ಕ ಕತ್ತು ಚಾಚಿದಳು. ಅಲ್ಲಿಂದ ಇಡೀ ಊರು ಕಾಣುತ್ತಿತ್ತು. ಕೆಳಗಿನಿಂದ ಯಾರಿಗೂ ಕಾಣದ ಟ್ಯಾಂಕಿನ ನೆತ್ತಿಯೂ ಕಾಣುತ್ತಿತ್ತು.

"ಲೇ, ಟ್ಯಾಂಕಿಗೆ ಮುಚ್ಚಳಾನೇ ಇಲ್ವಲ್ಲಾ! ಒಳಗಿಂದ ಅರಳಿಗಿಡ ಎದ್ದದಲ್ರಪ್ಪೋ!"

ಎಲ್ಲರೂ ಊರ ಕಡೆಗೆ ನೋಡಿದರು. ಆಮೇಲೆ ಎಲ್ಲರೂ ಗೌರೀಶನ ಕಡೆಗೆ ತಿರುಗಿದರು. ಗೌರೀಶ ಅಲ್ಲಿರಲಿಲ್ಲ. ಯಾರೂ ಹೇಳದೆ, ಯಾರೂ ತಳ್ಳದೆ, ತಾನಾಗಿಯೇ ಇಳಿಯತೊಡಗಿದ್ದ.

"ವಾ, ಮೊದಲ್ನೇ ಸಲಕ್ಕೇ ಏನು ಸ್ಪೀಡು!" ಎಂದು ಅತೀಕ್ ಮೆಚ್ಚಿದ.

ಕದಿರಯ್ಯ ಪಂಚೆ ಎತ್ತಿ ಕಟ್ಟಿದರು. "ಆ ಎರಡ್ನೇ ಹಗ್ಗ ಯಾರ ಕೈಲದೆ?"

"ನನ್ನ ಕೈಲೇ."

"ಅಂಗೇ ಬಿಗಿ ಹಿಡೀ ಸಾಬಣ್ಣ. ಅವ್ನತ್ರ ಒಸಿ ಮಾತಾಡಾದದೆ."

ಅತೀಕ್ ಹಗ್ಗ ಬಿಗಿದ. ಬಂಡೆಯ ನಟ್ಟನಡುವೆ, ಅತ್ತ ಆಕಾಶವೂ ಇಲ್ಲದೆ ಇತ್ತ ನೆಲವೂ ಇಲ್ಲದೆ ಗೌರೀಶ ನಿಂತ. ಮೇಲಿನಿಂದ ಇಡೀ ಊರು ಬಗ್ಗಿ ನೋಡಿತು. ಬಿಡಿಸಿಕೊಳ್ಳಲು ಅವನು ಜಗ್ಗಿ ನೋಡಿದ, ಒದ್ದಾಡಿ ನೋಡಿದ. ಸಭೆಯಲ್ಲಿ ತಾನು ಕೇಳಿದ್ದ ಪ್ರಶ್ನೆಗೆ ಅವನಿಗೆ ಉತ್ತರ ಸಿಕ್ಕಿತು. ಹಗ್ಗ ಕಿತ್ತುಹೋಗುವಂಥದ್ದಲ್ಲ.