ಕರಿ ಕೋಟಿನವರ ದಾರಿ ಕಾಯುವ ಮಾಮಾ

ನಮ್ಮ ಮಾಮಾನ ಬಾಯಿ ಮುಚ್ಚಿಸಬಲ್ಲವರು ಈ ಭೂಮಿಯ ಮೇಲೆ ಯಾರೂ ಇಲ್ಲ ಎಂದು ನಾನು ಮೊನ್ನೆಯವರೆಗೂ ನಂಬಿದ್ದೆ. ಸಿಟ್ಟಿನಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ರಾಯಬಾಗದ ಬಸ್ ಕಂಡಕ್ಟರುಗಳು, ಊರಿನ ಹಾಲಿನ ಡೇರಿಯವರು, ಬಸದಿಯ ಉಪಾಧ್ಯೆಯವರು ಎಲ್ಲರೂ ಒಂದೊಂದು ಸಲ ಪ್ರಯತ್ನಪಟ್ಟು ಕೈಚೆಲ್ಲಿದವರೇ. ಅಂಥ ಮಾಮಾ ಒಂದು ವರ್ಷದಿಂದ, ಬಾಯಿ ಮುಚ್ಚಿಸುವುದನ್ನೇ ಕಸುಬು ಮಾಡಿಕೊಂಡ ಕೆಲವರ ದಾರಿ ಕಾಯುತ್ತಿದ್ದ. ಅವರು ಕರಿ ಕೋಟು ಹಾಕಿಕೊಂಡಿರುತ್ತಾರಂತೆ. ಹಾರುವ ತಟ್ಟೆ ಕಂಡವರ ಮನೆ ಹುಡುಕಿಕೊಂಡು ಬರುತ್ತಾರಂತೆ. ಕಂಡದ್ದನ್ನು ಇನ್ನು ಯಾರಿಗೂ ಹೇಳದಂತೆ ಮಾಡಿ ಹೋಗುತ್ತಾರಂತೆ. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಹಾಕಿಕೊಂಡು ಒಳಗೆ ಕೂಡುತ್ತಿದ್ದರು. ನಮ್ಮ ಮಾಮಾ ಬಾಗಿಲು ತೆರೆದು, ಕಟ್ಟೆಯ ಮೇಲೆ ಚಾಪೆ ಹಾಸಿ, ಚಹಾಕ್ಕೆ ನೀರಿಟ್ಟು ಕಾಯುತ್ತಿದ್ದ!

ಯಾಕೆಂದರೆ ಅವರ ಹತ್ತಿರ ಅವನದೊಂದು ಕೆಲಸವಿತ್ತು. ಅವರು ಒಯ್ದದ್ದನ್ನು ವಾಪಸ್ ಕೇಳಬೇಕಾಗಿತ್ತು. ಒಯ್ದದ್ದು ಏನು? ನಮ್ಮ ಮಾಮಿಯ ಮಾತು.

ಇಂಥ ಮಾಮಾನನ್ನು ಪಡೆದ ಯಾರಿಗಾದರೂ ಕಷ್ಟವೇ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗಂತೂ ತಲೆ ಎತ್ತಿ ತಿರುಗುವ ಹಾಗಿಲ್ಲ.

ಆದದ್ದು ಇಷ್ಟು. ಮಾಮಾನ ಊರು ದಿಗ್ಗೇವಾಡಿ. ಹೊಳೆಯ ದಂಡೆಗೆ ಕಬ್ಬಿನ ಹೊಲ. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಮುಳುಗಿದ ಮೇಲೆ ತುತ್ತು ಮುಟ್ಟುವಂತಿಲ್ಲ. ಹೀಗಾಗಿ ಸಂಜೆಯ ಹೊತ್ತು ಗಂಡ ಹೆಂಡತಿ ಇಬ್ಬರೂ ಹೊಲದಿಂದ ಗಡಿಬಿಡಿಯಲ್ಲಿ ಗಾಡಿಯ ಮೇಲೆ ಮನೆಗೆ ಹೊರಟಿದ್ದರು. ಹಿಂದೆ ಕೂತಿದ್ದ ಮಾಮಿ ಗಾಡಿ ನಿಲ್ಲಿಸಲು ಹೇಳಿದಳು. ನೋಡಿದರೆ, ಕೃಷ್ಣೆಯ ಮೇಲೆ ರೊಟ್ಟಿಯ ಹಂಚಿನ ಆಕಾರದ್ದೊಂದು ನೀಲಿ ಬೆಳಕು! ಅಲುಗಾಡದೆ ನಿಂತಿತ್ತಂತೆ. ಆಮೇಲೆ ನೆಟ್ಟಗೆ ಮೇಲೇರಿ ಮಾಯವಾಯಿತಂತೆ. ಕಬ್ಬಿಗೆ ಔಷಧಿ ಹೊಡೆಯುವ ಡ್ರೋನ್ ಇರಬೇಕು ಎಂದು ನಾನು ನೂರು ಸಲ ಹೇಳಿದ್ದೇನೆ. ಮಾಮಾನದು ಒಂದೇ ವಾದ. ಅದನ್ನು ನೋಡುತ್ತ ನಿಂತು ಹೊತ್ತು ಮುಳುಗಿಹೋಯಿತು, ಇಬ್ಬರೂ ಅಂದು ಉಪವಾಸ ಮಲಗಿದರು. ಸುಮ್ಮಸುಮ್ಮನೆ ಯಾರಾದರೂ ಊಟ ಬಿಡುತ್ತಾರೇನು? ಡ್ರೋನ್ ನೋಡಲಿಕ್ಕೆ?

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಆ ಕಾಲಕ್ಕೆ ಆ ಮನೆಯಲ್ಲಿ ಮಾತಿನ ಖಾತೆ ಪೂರಾ ಮಾಮಿಯದಾಗಿತ್ತು. ಮಾಮಾ ಮೂವತ್ತು ವರ್ಷ ಸಂಸಾರ ಮಾಡಿದ್ದು ಒಂದು "ಹೂಂ" ಮೇಲೆ. ಬೇಕು ಅನ್ನಲಿಕ್ಕೂ ಹೂಂ, ಬೇಡ ಅನ್ನಲಿಕ್ಕೂ ಹೂಂ. ಗೋಡೆಯ ಜೊತೆ ಸಂಸಾರ ಮಾಡಿದಂತಾಗಿದೆ, ಏನಾದರೂ ಮಾತಾಡಿ ಎಂದು ಮಾಮಿ ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದಳು. ಹಾರುವ ತಟ್ಟೆಯ ಸುದ್ದಿಯನ್ನೂ ಓಣಿ ತುಂಬ ಹಂಚಿದ್ದು ಅವಳೇ. ಮಾಮಾ ಪಕ್ಕದಲ್ಲಿ ನಿಂತು ಹೂಂ ಅಂದಿದ್ದ, ಅಷ್ಟೇ.

ಮೂರನೆಯ ದಿನ ಬೈಕಿನ ಮೇಲೆ ಇಬ್ಬರು ಬಂದರು. ಮೈಮೇಲೆ ಕರಿ ಕೋಟು. ನೀರು ಕೇಳಿದರು, ಹೆಸರು ಕೇಳಿ ಬರೆದುಕೊಂಡರು. ಮಾಮಿ ಅವರಿಗೂ ಕಥೆ ಹೇಳಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇದನ್ನು ಎಲ್ಲರ ಮುಂದೆ ಹೇಳಬೇಡಿ ಎಂದು ಹೇಳಿ ಹೋದರು. ಮರುದಿನ ಬೆಳಿಗ್ಗೆ ಹಾಲು ಕಾಸುವಾಗ ಮಾಮಿಗೆ ಲಕ್ವಾ ಹೊಡೆಯಿತು. ಮಿರಜಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಎರಡು ತಿಂಗಳಲ್ಲಿ ಬಲಗೈಯೂ ಬಂತು. ಮಾತು ಮಾತ್ರ ಬರಲಿಲ್ಲ.

ಆ ದಿನಗಳಲ್ಲೇ ಮಾಮಾನ ಮೊಬೈಲಿಗೆ ಒಂದು ಮರಾಠಿ ವಿಡಿಯೋ ಬಂದು ಬಿತ್ತು. ಅಮೆರಿಕದಲ್ಲಿ ಹಾರುವ ತಟ್ಟೆ ನೋಡಿದವರ ಮನೆಗೆ ಕರಿ ಕೋಟಿನ ಮನುಷ್ಯರು ಬಂದು ಬಾಯಿ ಕಟ್ಟಿ ಹೋಗುತ್ತಾರೆ ಎಂದು ಅದರಲ್ಲೊಬ್ಬ ಗಡಸು ದನಿಯಲ್ಲಿ ಹೇಳುತ್ತಾನೆ. ಮುಗಿಯಿತು. ಮೂವತ್ತು ವರ್ಷ ಮುಚ್ಚಿದ್ದ ಮಾಮಾನ ಬಾಯಿ ಅಂದು ತೆರೆದದ್ದು, ಮತ್ತೆ ಮುಚ್ಚಲೇ ಇಲ್ಲ!

ನಾನು ಸುಮ್ಮನೆ ಕೂರುವವಳೇ? ನಾಲ್ಕು ಕಡೆ ವಿಚಾರಿಸಿ ಆ ಬೈಕಿನ ಇಬ್ಬರನ್ನು ನಿಪ್ಪಾಣಿಯಲ್ಲಿ ಪತ್ತೆ ಹಚ್ಚಿದೆ. ವಿಮೆ ಮಾಡಿಸುವವರು. ಅಂದು ರಾಯಬಾಗದಲ್ಲಿ ಅವರದೇನೋ ಮೀಟಿಂಗ್ ಇತ್ತು, ಕೋಟು ಅದಕ್ಕೆ. ಜನ ನಗುತ್ತಾರೆ ಎಂಬ ಕನಿಕರಕ್ಕೆ ಹೇಳಬೇಡಿ ಅಂದಿದ್ದರು. ಅವರಲ್ಲೊಬ್ಬನನ್ನು ಫೋನಿನಲ್ಲಿ ಹಿಡಿದು ಮಾಮಾನ ಕೈಗೆ ಕೊಟ್ಟೆ. ಮಾಮಾ ನೇರವಾಗಿ, ನೀವು ಅವರೇ ಏನು ಎಂದು ಕೇಳಿದ. ಅವನು ಅಲ್ಲ ಅಂದ. ಮಾಮಾ ಫೋನು ವಾಪಸ್ ಕೊಟ್ಟು ನನ್ನನ್ನು ಸಮಾಧಾನದಿಂದ ನೋಡಿದ. ಅವನಿಗೆ ನಾನು ಈಗಲೂ ಬಾಳಾ, ಅಂದರೆ ಮಗು.

"ನೋಡಿದಿ, ಬಾಳಾ? ಅಲ್ಲ ಅಂದ. ಅವರು ಆಗಿದ್ರೂ ಅಲ್ಲಂತನ ಅಂತಾರ."

ಹದಿನಾರು ವರ್ಷ ವಿಜ್ಞಾನ ಕಲಿಸಿದವಳು ನಾನು! ಈ ಸಂಶೋಧನೆಯಿಂದ ಆದ ಲಾಭ ಇಷ್ಟೇ, ಆ ವಿಮೆಯವನು ಈಗ ಪ್ರತಿ ಸೋಮವಾರ ನನಗೆ ಫೋನ್ ಮಾಡುತ್ತಾನೆ.

ಆಮೇಲೆ ವಕೀಲರ ಸರದಿ. ಪಕ್ಕದ ಮನೆಯ ಹೊಲದ ವಾಟ್ನಿಯ, ಅಂದರೆ ಅಣ್ಣತಮ್ಮಂದಿರ ಪಾಲಿನ, ಕಾಗದ ಮಾಡಲು ರಾಯಬಾಗ ಕೋರ್ಟಿನಿಂದ ಒಬ್ಬ ವಕೀಲರು ಬಂದಿದ್ದರು. ಕರಿ ಕೋಟು ಕಂಡದ್ದೇ ಮಾಮಾ ಎದ್ದು ಹೋಗಿ ಕೈ ಹಿಡಿದು ಕರೆತಂದು ಕಟ್ಟೆಯ ಮೇಲೆ ಕೂಡಿಸಿದ. ಕಥೆ ಮೊದಲಿನಿಂದ ಕೊನೆಯವರೆಗೆ ಹೇಳಿದ. ಪಾಪ, ಅವರು ಇದು ಯಾವುದೋ ದಾವೆ ಇರಬೇಕೆಂದು ತಿಳಿದು, ಎದುರುಗಾರರು ಯಾರು ಎಂದು ಕೇಳಿದರು. ಅಷ್ಟರಲ್ಲಿ ಹೊತ್ತು ಇಳಿಯುತ್ತ ಬಂತು. ಬಾಯಿ ಕಟ್ಟಲಿಕ್ಕೆ ಬಂದವನಾದರೇನು, ನಮ್ಮ ಮನೆಗೆ ಬಂದವನು ಹೊತ್ತು ಮುಳುಗುವ ಮೊದಲು ಉಂಡೇ ಹೋಗಬೇಕು ಎಂದು ಮಾಮಾ ಐದೂವರೆಗೇ ತಾಟು ಇಡಿಸಿದ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು. ಮಾಮಿಗೆ ಮಾತು ಹೋಗಿರಬಹುದು, ಕೈಯ ರುಚಿ ಹೋಗಿಲ್ಲ. ಆ ವಕೀಲರು ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಭಾನುವಾರವೂ ಕೋಟು ಹಾಕಿಕೊಂಡೇ ಬರುತ್ತಾರೆ!

ಮಾಮಿಯ ಕಷ್ಟ ಬೇರೆ. ಅವಳು ಮೌನವ್ರತ ಹಿಡಿದಿದ್ದಾಳೆಂದು ಸುತ್ತಲಿನ ಊರುಗಳಲ್ಲಿ ಮಾಮಾನ ಕಥೆಯೇ ಬಾಯಿಂದ ಬಾಯಿಗೆ ಬದಲಾಗಿ ಸುದ್ದಿಯಾಗಿ, ಅಥಣಿ ಕಡೆಯ ನಾಲ್ಕು ಹೆಣ್ಣುಮಕ್ಕಳು ತೆಂಗಿನಕಾಯಿ ಹಿಡಿದು ಕಾಲು ಮುಟ್ಟಲಿಕ್ಕೆ ಬಂದರು. ಅಷ್ಟು ಮಾತಾಡುತ್ತಿದ್ದ ಹೆಂಗಸು ನಾಲಿಗೆ ಗೆದ್ದುಬಿಟ್ಟಳಲ್ಲ ಎಂದು ಅವರಿಗೆ ಎಲ್ಲಿಲ್ಲದ ಭಕ್ತಿ. ಮಾಮಿಗೆ ಬಂದ ಸಿಟ್ಟನ್ನು ಕೈಸನ್ನೆಯಲ್ಲಿ ಹೇಳಲು ಆಗಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋಗಿ ಅತ್ತಳು. ನಾನೂ ಅಂದು ಅಲ್ಲೇ ಇದ್ದೆ. ಅವಳ ಅಳುವಿನಲ್ಲೂ ದನಿ ಇರಲಿಲ್ಲ. ನನಗೆ ಮಾಮಾನ ಮೇಲೆ ನಿಜವಾದ ಸಿಟ್ಟು ಬಂದದ್ದು ಅಂದಿನಿಂದ.

ಆ ಸಿಟ್ಟು ನೆತ್ತಿಗೇರಿದ್ದು ಕಾಗವಾಡದ ಮದುವೆಯಲ್ಲಿ. ನನ್ನ ಚಿಕ್ಕಮ್ಮನ ಮಗಳ ಮದುವೆ. ಮುಹೂರ್ತ ತಡವಾಗಿತ್ತು. ಎಲ್ಲರೂ ಊಟಕ್ಕೆ ಏಳಿ, ಹೊತ್ತು ಮುಳುಗಲಿಕ್ಕೆ ಬಂತು ಎಂದು ಮೈಕಿನಲ್ಲಿ ಹೇಳುವುದಿತ್ತು. ನಾನು ಹೇಳುತ್ತೇನೆ ಕೊಡಿ ಎಂದು ಮಾಮಾ ಮೈಕು ಕೇಳಿದ. ಯಾವ ಪುಣ್ಯಾತ್ಮ ಕೊಟ್ಟನೋ! ಊಟದ ಮಾತು ಎತ್ತಲೇ ಇಲ್ಲ. ಹಾರುವ ತಟ್ಟೆಯನ್ನು ಕಂಡವನು ನಾನೇ, ನನ್ನ ಮನೆ ದಿಗ್ಗೇವಾಡಿಯಲ್ಲಿ ಡೇರಿಯ ಮಗ್ಗುಲಿಗೆ, ಹಗಲೆಲ್ಲ ಮನೆಯಲ್ಲೇ ಇರುತ್ತೇನೆ, ಬರಬೇಕಾದವರು ಬರಬಹುದು ಎಂದು ವಿಳಾಸ ಸಮೇತ ಸಾರಿದ. ಗಂಡಿನ ಕಡೆಯವರು ಸಾಂಗಲಿಯವರು. ಅವರೆಲ್ಲ ಏನಂತೆ, ಏನಂತೆ ಎಂದು ಗುಜುಗುಜು ಮಾಡಿದ್ದು ಕಂಡು, ಪೂರಾ ಕಥೆಯನ್ನು ಮರಾಠಿಯಲ್ಲಿ ಮತ್ತೆ ಮೊದಲಿನಿಂದ ಹೇಳಿದ. ಕನ್ನಡದಲ್ಲಿ ತಟ್ಟೆ ಮೇಲೇರುವಾಗ ಸೂರ್ಯ ಇನ್ನೂ ಇದ್ದ. ಮರಾಠಿಯಲ್ಲಿ ಏರುವಷ್ಟರಲ್ಲಿ ಮುಳುಗಿಹೋದ. ಅರ್ಧ ಮಂಟಪ ಉಪವಾಸ! ಬುಂದಿ ಲಾಡು ಬುಟ್ಟಿಯಲ್ಲಿ ಹಾಗೇ ಉಳಿಯಿತು.

ಉಪವಾಸ ಬಿದ್ದವರಲ್ಲಿ ನಮ್ಮ ಹೆಡ್‌ಮಾಸ್ತರರೂ ಒಬ್ಬರು. ಮರುದಿನ ಸ್ಟಾಫ್ ರೂಮಿನಲ್ಲಿ, ಮೈಕಿನಲ್ಲಿ ಮಾತಾಡಿದವರು ನಿಮ್ಮವರಂತೆ, ಹೌದೇ ಎಂದು ಕೇಳಿದರು. ತಾಯಿಯ ಕಡೆಯವರು ಎಂದೆ. ಅಪ್ಪನ ಕಡೆಯವರ ಮಾನವಾದರೂ ಉಳಿಯಲಿ.

ಇಷ್ಟಾದರೂ ಮಾಮಿಯ ಮಾತಿನ ಆಸೆಯನ್ನು ನಾನು ಬಿಟ್ಟಿರಲಿಲ್ಲ. ವಾರಕ್ಕೆರಡು ದಿನ ಚಿಕ್ಕೋಡಿಗೆ ಕರೆಸಿಕೊಂಡು, ಮಾತು ಕಲಿಸುವ ಡಾಕ್ಟರಮ್ಮನ ಹತ್ತಿರ ಕೂಡಿಸುತ್ತಿದ್ದೆ. ಮಾಮಾ ಜೊತೆಗೆ ಬರುತ್ತಿದ್ದ. ಆಮೇಲೆ ಏನಾಗುತ್ತಿತ್ತೆಂದು ಬೇರೆ ಹೇಳಬೇಕೆ? ಡಾಕ್ಟರಮ್ಮ ಮಾಮಿಗೆ "ನೀರು" ಅನ್ನಿ ಎಂದರೆ, ಮಾಮಾ ನೀರಿನಿಂದ ಹೊಳೆಗೆ, ಹೊಳೆಯಿಂದ ತಟ್ಟೆಗೆ ಹೋಗುತ್ತಿದ್ದ. ಮೂರನೆಯ ವಾರ ಆಕೆ ನನ್ನನ್ನು ಹೊರಗೆ ಕರೆದು, ಇಬ್ಬರಲ್ಲಿ ಪೇಶಂಟ್ ಯಾರು ಎಂದು ಮೆಲ್ಲಗೆ ಕೇಳಿದರು. ಮನೆಯಲ್ಲಿ ದಿನಾ ಒಂದು ತಾಸು ಗದ್ದಲವಿಲ್ಲದ ಕಡೆ ಕೂತು ಅಭ್ಯಾಸ ಮಾಡಿಸಿ, ಬಿಟ್ಟರೆ ಮಾತು ಹಿಂದೆ ಹಿಂದೆ ಸರಿಯುತ್ತದೆ ಎಂದೂ ಹೇಳಿದರು. ಗದ್ದಲವಿಲ್ಲದ ಕಡೆ! ನಮ್ಮ ಮಾಮಾನ ಮನೆಯಲ್ಲಿ!

ಹೋದ ತಿಂಗಳು ಒಂದು ಶನಿವಾರ ಶಾಲೆ ಬಿಟ್ಟದ್ದೇ ದಿಗ್ಗೇವಾಡಿಗೆ ಹೋದೆ. ಮಾಮಿಯ ಮಾತಿನ ಅಭ್ಯಾಸಕ್ಕೆಂದು ಗೋಡೆಗೆ ನಾನು ಅಂಟಿಸಿದ್ದ ಚಿತ್ರಗಳ ಮೇಲೆ ಧೂಳು ಕೂತಿತ್ತು. ಮಾಮಾ ಕಟ್ಟೆಯ ಮೇಲೆ ಯಾರೋ ಕಬ್ಬಿನ ಟ್ರ್ಯಾಕ್ಟರಿನವನನ್ನು ಹಿಡಿದು ಕೂಡಿಸಿಕೊಂಡಿದ್ದ. ಅವನದು ಕೋಟೂ ಅಲ್ಲ, ಕರಿ ಅಂಗಿ. ಸಂಜೆ ಊಟಕ್ಕೆ ಕೂತಾಗ ನನಗೆ ತಡೆಯಲಾಗಲಿಲ್ಲ.

"ಮಾಮಾ, ಯಾರೂ ಬರಂಗಿಲ್ಲ. ಆ ಕರಿ ಕೋಟಿನವರು ಎಲ್ಲೂ ಇಲ್ಲ. ಮಾಮಿ ಮಾತು ಹೋಗಿದ್ದು ಲಕ್ವಾದಿಂದ. ನೀ ಹಿಂಗ ಊರೂರು ಹೇಳ್ಕೋತ ಅಡ್ಡಾಡಿ ಅಕಿಗೇನ್ ಮಾಡಿದಿ?"

ಮಾಮಾ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ. ಒಂದು ವರ್ಷದಲ್ಲಿ ಮೊದಲ ಸಲ, ಮಾತಾಡುವ ಮೊದಲು ಯೋಚಿಸಿದ.

"ಹೇಳಿದವರ ಬಾಯಿ ಕಟ್ಟಾಕ ಬರ್ತಾರ ಅವರು. ಅದಕ್ಕ ಹೇಳಾಕತ್ತೀನಿ, ಬಾಳಾ. ಆ ದಿನ ನೋಡಿದ್ದು ಇಬ್ಬರೂ. ಹೇಳಿದ್ದು ಅಕಿ ಒಬ್ಬಾಕಿ. ನಾ ಗ್ವಾಡಿ ಹಂಗ ನಿಂತಿದ್ನಿ, ಅದಕ್ಕ ನನ್ನ ಬಿಟ್ಟು ಅಕಿದ ಒಯ್ದ್ರು. ಬಂದ್ರ ಕೈ ಮುಗದ ಕೇಳ್ತೀನಿ. ನನ್ನ ಬಾಯಿ ತಗೊಂಡ ಹೋಗ್ರಿ, ಅಕಿದ ಅಕಿಗೆ ಕೊಡ್ರಿ ಅಂತ. ನನಗ ಮಾತು ಎದಕ್ಕ ಬೇಕು? ಮೊದಲರ ಎಲ್ಲಿ ಮಾತಾಡ್ತಿದ್ನಿ ನಾ? ಅಕಿ ಮಾತಾಡ್ಲಿ. ನಾ ಹೂಂ ಅಂತೀನಿ. ಹೂಂ ಅನ್ನಾಕೂ ಬರದಂಗ ಮಾಡಿದ್ರೂ ನಡೀತೈತಿ, ತಲಿ ಅಲ್ಲಾಡಿಸ್ತೀನಿ."

ನಾನು ತಾಟಿನ ಮೇಲೆ ಬಗ್ಗಿ ಕೂತೆ. ವರ್ಷವಿಡೀ ಬೈದುಕೊಂಡಿದ್ದೆನಲ್ಲ, ಒಂದು ಸಲವೂ ಯಾಕೆ ಎಂದು ಕೇಳಿರಲಿಲ್ಲ. ಅಷ್ಟಕ್ಕೇ ಮಾಮಾ ಬಿಡಲಿಲ್ಲ. ಅವರು ಒಪ್ಪದಿದ್ದರೆ ಕಣ್ಣು ಕೊಡುತ್ತೇನೆ, ನೋಡಿದ್ದು ಕಣ್ಣೇ ಅಲ್ಲವೇ ಎಂದು ಏನೇನೋ ಲೆಕ್ಕ ಹಾಕತೊಡಗಿದ. ದನಿ ಒಡೆಯುತ್ತಿತ್ತು, ಆದರೂ ಹೇಳುತ್ತಲೇ ಇದ್ದ.

ಒಲೆಯ ಹತ್ತಿರ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಮಾಮಿ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಕೈ ತುಂಬ ಹಿಟ್ಟು. ಬಾಯಿ ಒಂದು ಕಡೆಗೆ ಎಳೆಯಿತು, ಗಂಟಲ ನರ ಉಬ್ಬಿತು.

"ಸು... ಸುಮ್ನ... ಕೂಡ್ರಿ."

ಮಾಮಾ ಸುಮ್ಮನಾದ.

ಆ ರೊಟ್ಟಿ ತಾಟಿನಲ್ಲಿ ಮುರಿದದ್ದು ಮುರಿದಂತೆಯೇ ಉಳಿಯಿತು. ಹಿತ್ತಲ ಬಾಗಿಲಿನಿಂದ ಬೀಳುತ್ತಿದ್ದ ಬಿಸಿಲು ಹೋಯಿತು. ಅಂದು ಮೂವರೂ ಉಪವಾಸ. ಸುಮ್ಮಸುಮ್ಮನೆ ಯಾರಾದರೂ ಊಟ ಬಿಡುತ್ತಾರೇನು?

ಕರುಳಿನಿಂದ ಬರುವ ಮಾತು ಹೀಗೆ ತಾನಾಗಿಯೇ ಮೊದಲು ಹೊರಬರುವುದುಂಟು, ಅದನ್ನೇ ಹೇಳಿಸುತ್ತಿರಿ, ಉಳಿದವು ಅದರ ಹಿಂದೆ ಬರಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಸದ್ಯಕ್ಕೆ ಬಂದಿರುವುದು ಅದೊಂದೇ. ಮಾಮಾ ಕಟ್ಟೆಯ ಮೇಲೆ ಚಾಪೆ ಹಾಸುವುದನ್ನು ಬಿಟ್ಟಿದ್ದಾನೆ. ವಕೀಲರು ಬಂದರೆ ಅವರೇ ಹಾಸಿಕೊಳ್ಳುತ್ತಾರೆ. ಸಾಕ್ಷಿಗಳ ಬಾಯಿ ಮುಚ್ಚಿಸುವವರು ನಿಜವಾಗಿಯೂ ಇದ್ದಾರೆಯೇ ಎಂದು ಯಾರಾದರೂ ಕೇಳಿದರೆ ನಾನು ಈಗ ವಾದ ಮಾಡುವುದಿಲ್ಲ. ಒಬ್ಬಳನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಮಾಮಾ ಈಗಲೂ ದಿನಾ ಸಂಜೆ ಊಟ ಮುಗಿದ ಮೇಲೆ ಮಾಮಿಯ ಎದುರಿಗೆ ಕೂತು ಆ ಕಥೆ ತೆಗೆಯುತ್ತಾನೆ. ಹೊಲದಿಂದ ಹೊರಟದ್ದು, ಗಾಡಿ ನಿಲ್ಲಿಸಿದ್ದು, ಹೊಳೆಯ ಮೇಲೆ ಬೆಳಕು ನಿಂತದ್ದು. ಅಲ್ಲಿಗೆ ಬಂದು ತಡೆದು, ಅವಳ ತುಟಿಯನ್ನೇ ನೋಡುತ್ತಾನೆ. ಅವಳಿಗೆ ಬರದಿದ್ದರೆ ಮತ್ತೆ ಹೊಲದಿಂದ ಹೊರಡುತ್ತಾನೆ. ಕೆಲವು ದಿನ ಮೂರು ನಾಲ್ಕು ಸಲ ಹೊರಡಬೇಕಾಗುತ್ತದೆ. ಕೊನೆಗೆ ಅವಳು ಸುಮ್ನ ಕೂಡ್ರಿ ಅನ್ನುತ್ತಾಳೆ. ಮಾಮಾ ಹೂಂ ಅನ್ನುತ್ತಾನೆ.