ಮೂರು ಪದರದ ಮೌನ

ಪೆನ್ಜಾ ನಗರದ ಅರ್ಕಾದಿ ಆ ಮೇ ತಿಂಗಳಲ್ಲಿ ಭೀಷ್ಮಪ್ರತಿಜ್ಞೆಯನ್ನೇ ಮಾಡಿದ. ತನ್ನ ಇಪ್ಪತ್ತಾರು ವರ್ಷದ ಕಾರನ್ನು ಲೈಬ್ರರಿ ಮಾಡಿಬಿಡುತ್ತೇನೆ, ಒಳಗೆ ಕೂತವರಿಗೆ ಸೊಳ್ಳೆ ಕೆಮ್ಮಿದರೂ ಕೇಳಬೇಕು!

ಇದಕ್ಕೆಲ್ಲ ಕಾರಣ ಹೆಂಡತಿ ರಿಮ್ಮಾ. ಊರಿಂದ ಅರವತ್ತು ಕಿಲೋಮೀಟರ್ ಆಚೆ ಅವರದ್ದೊಂದು ದಾಚಾ. ಪುಟ್ಟ ಮರದ ಮನೆ, ಸುತ್ತ ತರಕಾರಿ ಮಡಿ. ಹನ್ನೊಂದು ವರ್ಷದಿಂದ ಪ್ರತಿ ಶನಿವಾರ ಇಬ್ಬರೂ ಆ ಕಾರಿನಲ್ಲೇ ಹೋಗುತ್ತಿದ್ದರು. ಕಾರಿನ ನೆಲವೋ, ಬೇಸಿಗೆಯಲ್ಲಿ ಕಾದ ಕಾವಲಿ. ಸದ್ದೋ, ತಗಡಿನ ಡಬ್ಬದಲ್ಲಿ ಕಲ್ಲು ಕುಲುಕಿದ ಹಾಗೆ. ರಿಮ್ಮಾ ಏನು ಹೇಳಿದರೂ ಅರ್ಕಾದಿಗೆ ಕೇಳುತ್ತಿರಲಿಲ್ಲ. ಕೇಳದಿದ್ದರೂ ‘ಹೂಂ’ ಅನ್ನುತ್ತಿದ್ದ.

“ಹೋದ ವಾರ ದಾರೀಲಿ ನಾನು ನಿನ್ನ ಏನು ಕೇಳ್ದೆ ಹೇಳು ನೋಡೋಣ?” ಎಂದಳು ರಿಮ್ಮಾ.

“ಅದೇ... ಟೊಮೆಟೊ ವಿಷಯ?”

“‘ನಿನ್ನಂಥ ಪೆದ್ದು ಇನ್ನೊಬ್ಬ ಇಲ್ಲ ಅಲ್ವಾ’ ಅಂತ ಕೇಳ್ದೆ. ನೀನು ಹೂಂ ಅಂದೆ! ಸಾಕಪ್ಪಾ ಸಾಕು. ಇನ್ಮೇಲೆ ನಾನು ರೈಲಲ್ಲಿ ಹೋಗ್ತೀನಿ. ನೀನೂ ನಿನ್ನ ಡಬ್ಬಾನೂ ಮಾತಾಡ್ಕೊಂಡು ಬನ್ನಿ.”

ಅರ್ಕಾದಿಗೆ ಚಿಂತೆ ಹತ್ತಿತು. ಪಕ್ಕದ ಸೀಟು ಖಾಲಿಯಾದರೆ ಆ ದಾರಿ ಸವೆಯುವುದು ಹೇಗೆ?

“ಒಂದೇ ಒಂದು ವಾರ ಕೊಡು ರಿಮ್ಮಾ! ಮುಂದಿನ ಶನಿವಾರ ನೀನು ಪಿಸುಗುಟ್ಟಿದ್ರೂ ನಂಗೆ ಕೇಳುತ್ತೆ!”

ಪಕ್ಕದ ಕಾರ್ ಶೆಡ್ಡಿನವನು ಗ್ಲೆಬ್, ನಿವೃತ್ತ ಬಾಯ್ಲರ್ ಮೇಸ್ತ್ರಿ, ಸಲಹೆ ಕೊಡುವುದಕ್ಕೆಂದೇ ಹುಟ್ಟಿದವನು. ಇಬ್ಬರೂ ಸೇರಿ ಸೀಟು ಬಿಚ್ಚಿ, ಕಾರ್ಪೆಟ್ ಕಿತ್ತು, ಒಂದು ಬಕೆಟ್ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನೂ ಮೊಳಕೆಯೊಡೆದ ಒಂದು ಆಲೂಗಡ್ಡೆಯನ್ನೂ ಹೊರಗೆ ಹಾಕಿದರು. ಡಾಂಬರಿನ ಹಾಳೆಯನ್ನು ಬಿಸಿ ಮಾಡಿ, ಕಾರಿನ ತಗಡಿಗೆ ಅಂಟಿಸಿ, ಗಾಳಿಗುಳ್ಳೆ ಉಳಿಯದಂತೆ ಉರುಳಿಸಿ ಒತ್ತಬೇಕು. ಬಿಸಿ ಮಾಡಲು ರಿಮ್ಮಾಳ ಹೇರ್ ಡ್ರೈಯರ್ ಬಂತು. ಒತ್ತಲು, ಅಯ್ಯೋ ದೇವರೇ, ಪೆಲ್ಮೆನಿ ಕಡುಬಿಗೆ ಹಿಟ್ಟು ಲಟ್ಟಿಸುವ ಅವಳ ಅಜ್ಜಿ ಕಾಲದ ಲಟ್ಟಣಿಗೆಯೇ ಬಂತು!

“ಒಂದು ಪದರ ಸಾಕಲ್ವಾ?” ಎಂದ ಅರ್ಕಾದಿ.

“ಒಂದಾ?” ಗ್ಲೆಬ್‌ಗೆ ಅವಮಾನವಾದಂತಾಯಿತು. “ಡಾಂಬರು ನಡುಕ ನಿಲ್ಸುತ್ತೆ, ಅಷ್ಟೇ. ಬಿಸಿ ತಡಿಯೋಕೆ ಫೋಮ್ ಬೇಡ್ವಾ? ಸದ್ದು ನುಂಗೋಕೆ ಉಣ್ಣೆ ಬೇಡ್ವಾ? ಮಾಡೋದಾದ್ರೆ ಮನುಷ್ಯರ ಹಾಗೆ ಮಾಡು ಮಾರಾಯ!”

ನೆಲಕ್ಕೆ ಮೂರು ಪದರ ಬಿತ್ತು. ನೆಲವಾದ ಮೇಲೆ ಬಾಗಿಲು, ಬಾಗಿಲಾದ ಮೇಲೆ ಚಾವಣಿ. ಈ ಭರದಲ್ಲಿ ಸೀಟಿನ ಬೋಲ್ಟ್ ತೂತುಗಳೂ ಭೂಗತವಾದವು. ದಬ್ಬಳ ಹಿಡಿದು ಚುಚ್ಚಿ ಚುಚ್ಚಿ ಅವನ್ನು ಹುಡುಕುವುದರಲ್ಲೇ ಒಂದು ದಿನ ಹೋಯಿತು. ಹೇರ್ ಡ್ರೈಯರ್ ಹೊಗೆಯುಗುಳಿ ಪ್ರಾಣ ಬಿಟ್ಟಿತು. ಕಾರಿಗೆ ನಲವತ್ತು ಕಿಲೋ ಬೊಜ್ಜು ಬಂತು.

ಶುಕ್ರವಾರ ಸಂಜೆ ಇಬ್ಬರೂ ಒಳಗೆ ಕೂತು ಬಾಗಿಲು ಎಳೆದುಕೊಂಡರು. ‘ಠಣಾರ್’ ಎನ್ನುತ್ತಿದ್ದ ಬಾಗಿಲು ‘ಧಪ್’ ಎಂದಿತು. ಆಮೇಲೆ ಏನೂ ಇಲ್ಲ! ಹೊರಗೆ ಶೆಡ್ಡಿನ ನಾಯಿ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಬೊಗಳು ಮಾತ್ರ ಇಲ್ಲ. ಗ್ಲೆಬ್ ಮೆಲ್ಲಗೆ ಟೋಪಿ ತೆಗೆದ.

“ಇದು ಚರ್ಚು ಕಣೋ,” ಎಂದು ಪಿಸುಗುಟ್ಟಿದ.

ಅರ್ಕಾದಿಗೆ ಕಣ್ಣು ತುಂಬಿ ಬಂತು. ಇಂಥದ್ದೊಂದು ಅದ್ಭುತ ತನ್ನ ಕೈಯಿಂದ ಆಯಿತೇ ಎಂದು ಕಪ್ಪು ಮೆತ್ತಿದ ಅಂಗೈಗಳನ್ನೇ ನೋಡುತ್ತ ಕೂತ.

ಶನಿವಾರ ರಿಮ್ಮಾ ಟೊಮೆಟೊ ಸಸಿಗಳನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. ಪ್ರಯಾಣಕ್ಕೆ ಮೊದಲು ಒಂದು ಗಳಿಗೆ ಮಾತಿಲ್ಲದೆ ಕೂರುವುದು ಅಲ್ಲಿನ ಎಲ್ಲರ ವಾಡಿಕೆ. ಕೂತರು. ಅರ್ಕಾದಿ ಗತ್ತಿನಿಂದ ಕೀಲಿ ತಿರುಗಿಸಿದ. ಸದ್ದೇ ಇಲ್ಲ. ಸ್ಟಾರ್ಟ್ ಆಗಲಿಲ್ಲ ಅಂದುಕೊಂಡು ಇನ್ನೊಮ್ಮೆ ತಿರುಗಿಸಿದ.

‘ಕರ್ರ್ರ್ರ್!’

ಎಂಜಿನ್ ಆಗಲೇ ಓಡುತ್ತಿತ್ತು! ಓಡುವ ಎಂಜಿನ್ನಿಗೆ ಬಾಯಿ ಹಾಕಿ ಸ್ಟಾರ್ಟರು ಹಲ್ಲು ಮುರಿದುಕೊಂಡಿತು. ಗಾಬರಿಯಲ್ಲಿ ಅರ್ಕಾದಿ ಎಂಜಿನ್ ಆರಿಸಿಯೇ ಬಿಟ್ಟ. ಇನ್ನು ಎಷ್ಟು ತಿರುಗಿಸಿದರೂ ಅದು ಜಪ್ಪಯ್ಯ ಅನ್ನಲಿಲ್ಲ.

ಈಗ ಇವಳು ಇಳಿದು ಸೀದಾ ರೈಲು ನಿಲ್ದಾಣಕ್ಕೆ ನಡೆಯುತ್ತಾಳೆ ಎಂದು ಅರ್ಕಾದಿ ಕಣ್ಣು ಮುಚ್ಚಿಕೊಂಡ. ರಿಮ್ಮಾ ಮಾತ್ರ ಬೆರಗಾಗಿ ಸುತ್ತ ನೋಡುತ್ತಿದ್ದಳು.

“ಅರ್ಕಾಶಾ... ನನ್ನ ಉಸಿರು ನಂಗೇ ಕೇಳ್ತಿದೆ ಕಣೋ!” ಎಂದು ಗಂಡನ ಮುದ್ದಿನ ಹೆಸರು ಹಿಡಿದು ಉದ್ಗರಿಸಿದಳು. ಆಮೇಲೆ ತಗ್ಗಿದ ದನಿಯಲ್ಲಿ, “ಈಗ ಕೇಳಲಾ? ಅಷ್ಟು ವರ್ಷ ಕೇಳ್ತಿದ್ದಿದ್ದನ್ನ?”

“ಕೇಳು, ಚಿನ್ನಾ!”

“‘ನಂಗೂ ಕಾರು ಓಡಿಸೋದು ಕಲಿಸ್ತೀಯಾ’ ಅಂತ ಕೇಳ್ತಿದ್ದೆ. ಪ್ರತಿ ಸಲ ನೀನು ಹೂಂ ಅಂದೆ. ಒಂದು ಸಲಾನೂ ಕಲಿಸಲಿಲ್ಲ.”

“ಅಯ್ಯೋ, ಇವತ್ತಿಂದಾನೇ ಶುರು ಮಾಡೋಣ!”

“ಬೇಡ. ಹೋದ ವರ್ಷ ನಾನೇ ಕಲ್ತು ಲೈಸೆನ್ಸ್ ತಗೊಂಡೆ. ಅದನ್ನೂ ಇದೇ ಸೀಟಲ್ಲಿ ಕೂತು ಹೇಳಿದ್ದೆ. ಅದಕ್ಕೂ ನೀನು ಹೂಂ ಅಂದೆ. ಇಳಿ, ಹಿಂದಿನಿಂದ ತಳ್ಳು. ಲಟ್ಟಣಿಗೆ ವಿಷಯ ದಾಚಾದಲ್ಲಿ ಮಾತಾಡೋಣ.”

ರಿಮ್ಮಾ ಸಸಿಗಳನ್ನು ಹಿಂದಿನ ಸೀಟಿಗಿಟ್ಟು ಸ್ಟಿಯರಿಂಗ್ ಮುಂದೆ ಸರಿದು ಕೂತಳು. ಅರ್ಕಾದಿಯೂ ಪಕ್ಕದ ಶೆಡ್ಡಿನಿಂದ ಓಡಿಬಂದ ಗ್ಲೆಬ್ಬೂ ಏದುಸಿರು ಬಿಡುತ್ತ ಆ ನಲವತ್ತು ಕಿಲೋ ಬೊಜ್ಜಿನ ಸಮೇತ ಕಾರನ್ನು ತಳ್ಳಿದರು. ಇಳಿಜಾರಿನಲ್ಲಿ ಅದು ಒಮ್ಮೆ ಮುಗ್ಗರಿಸಿ, ಹೊಗೆ ಬಿಟ್ಟು, ರಾಜಗಾಂಭೀರ್ಯದಿಂದ ಹೊರಟೇ ಬಿಟ್ಟಿತು.

“ರಿಮ್ಮಾ! ನಿಲ್ಸೇ! ನಾನಿನ್ನೂ ಹತ್ತಿಲ್ಲ!” ಅರ್ಕಾದಿ ಪಕ್ಕಪಕ್ಕದಲ್ಲೇ ಓಡುತ್ತ ಗಂಟಲು ಹರಿಯುವಂತೆ ಕಿರುಚಿದ.

“ನೋಡ್ದ್ಯಾ? ಒಂದು ಚೂರೂ ಸದ್ದು ಒಳಗೆ ಹೋಗ್ತಿಲ್ಲ!” ಎಂದು ಗ್ಲೆಬ್ ಹಿಂದಿನಿಂದ ಕೂಗಿದ. ಅವನ ದನಿ ಹೆಮ್ಮೆಯಿಂದ ನಡುಗುತ್ತಿತ್ತು.

ಗಾಜಿನಾಚೆ ರಿಮ್ಮಾ ತಿರುಗಿ ನೋಡಿದಳು. ಗಂಡನ ತುಟಿ ಅಲ್ಲಾಡುವುದನ್ನು ಕಂಡು ಪ್ರೀತಿಯಿಂದ ನಕ್ಕು, ತಲೆಯಾಡಿಸಿ, ‘ಹೂಂ’ ಅಂದಳು.